ಅಪ್ಪಯ್ಯನಿಗೆ ಓದಿ ಹೇಳಿದ ನಾಲ್ಕು ಪ್ರಾಣಿ ಪುಸ್ತಕಗಳು: ನನ್ನ ಆಯ್ಕೆ ‘ಕರ್ವಾಲೊ’

ಪ್ರಾಣಿಗಳ ಕುರಿತು ದೊಡ್ಡವರು ಓದಬಹುದಾದ ಒಂದು ಪುಸ್ತಕ ಹೇಳಿ ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಕಾಲೇಜಿನ ದಿನಗಳಲ್ಲಿ ಅದನ್ನು ಒಮ್ಮೆ ಓದಿ ಮೆಚ್ಚಿದ್ದೆ. ಆದರೆ ಇಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಬಂದದ್ದು ಕಳೆದ ಮಳೆಗಾಲದಲ್ಲಿ, ಅದನ್ನೂ ಇನ್ನು ಮೂರು ಪುಸ್ತಕಗಳನ್ನೂ ರಾತ್ರಿಗೆ ಅರ್ಧ ಗಂಟೆಯಂತೆ ಅಪ್ಪಯ್ಯನಿಗೆ ಓದಿ ಹೇಳಿದ ಮೇಲೆ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣಿನ ಒಳಪರದೆಗೆ ಪೆಟ್ಟಾಗಿ ಅಚ್ಚಿನ ಅಕ್ಷರ ಕಾಣದಂತಾಗಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಅರವತ್ತು ವರ್ಷ ಕಳೆದವರಿಗೆ ಕಾಡು, ದನ, ನಾಯಿ, ಹಕ್ಕಿಗಳ ವಿಷಯ ಬಿಟ್ಟರೆ ಬೇರೆ ಯಾವ ಪುಸ್ತಕವೂ ಬೇಕಿರಲಿಲ್ಲ.

ಮಕ್ಕಳ ಪ್ರಾಣಿ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ದೊಡ್ಡವರಿಗೆಂದು ಹುಡುಕಲು ಹೊರಟಾಗ ಪಟ್ಟಿ ಚಿಕ್ಕದಾಗುತ್ತದೆ. ನಾನು ಕೊನೆಗೆ ಆರಿಸಿಕೊಂಡವು ನಾಲ್ಕು: ಬೇಟೆಗಾರ ಜಿಮ್ ಕಾರ್ಬೆಟ್ಟರ ‘ಮ್ಯಾನ್ ಈಟರ್ಸ್ ಆಫ್ ಕುಮಾಊಂ’, ಇನ್ನೊಬ್ಬ ಬೇಟೆಗಾರ ಕೆನೆತ್ ಆಂಡರ್ಸನ್ನರ ಬರಹಗಳನ್ನು ಆಧರಿಸಿ ತೇಜಸ್ವಿಯವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’, ಅಮೆರಿಕದ ಎಲಿಜಬೆತ್ ಟೋವಾ ಬೇಯ್ಲಿ ಬರೆದ ‘ದಿ ಸೌಂಡ್ ಆಫ್ ಎ ವೈಲ್ಡ್ ಸ್ನೇಲ್ ಈಟಿಂಗ್’ ಮತ್ತು ‘ಕರ್ವಾಲೊ’. ಇವುಗಳಲ್ಲಿ ಕಾದಂಬರಿ ಒಂದೇ, ಉಳಿದ ಮೂರು ನಡೆದದ್ದನ್ನು ನಡೆದಂತೆ ಹೇಳುವ ಪುಸ್ತಕಗಳು. ಇಂಗ್ಲಿಷಿನ ಎರಡನ್ನು ನಾನು ಸಾಲು ಸಾಲಾಗಿ ಕನ್ನಡ ಮಾಡಿಕೊಂಡೇ ಓದಬೇಕಿತ್ತು.

ತೊಂದರೆ ಶುರುವಾದದ್ದು ಕಾರ್ಬೆಟ್ಟರಿಂದ. ಅದರಲ್ಲಿ ಅವರ ತಪ್ಪೇನೂ ಇಲ್ಲ, ನಾನು ಕೊಂಡ ಪ್ರತಿಯದ್ದು. ಕಾರ್ಬೆಟ್ ತೀರಿಕೊಂಡದ್ದು 1955ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಹಕ್ಕುಸ್ವಾಮ್ಯ ಇರುವುದರಿಂದ, 2016ರಿಂದ ಅವರ ಪುಸ್ತಕಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹೀಗೆ ಅಚ್ಚಾದ ಅಗ್ಗದ ಪ್ರತಿಗಳು ಆನ್‌ಲೈನ್ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ಹೊದಿಕೆಯ ಮೇಲೆ ಬಾಯಿ ತೆರೆದ ಹುಲಿಯ ಚಿತ್ರವಿದ್ದ ಒಂದನ್ನು 140 ರೂಪಾಯಿಗೆ ತರಿಸಿದೆ. ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಯಂತ್ರ ಓದಿಕೊಂಡ ಅಕ್ಷರಗಳನ್ನು ಯಾರೂ ತಿದ್ದದೆ ಹಾಗೆಯೇ ಅಚ್ಚಿಗೆ ಕಳಿಸಿದ್ದಾರೆಂಬುದು ಎರಡನೆಯ ರಾತ್ರಿಯೇ ಗೊತ್ತಾಯಿತು.

ಹುಲಿ ಕೊಂದು ಅರ್ಧ ತಿಂದು ಬಿಟ್ಟುಹೋದ ದನದ ಹೆಣವನ್ನು ಕಾರ್ಬೆಟ್ ‘ಕಿಲ್’ ಎನ್ನುತ್ತಾರೆ. ಶಿಕಾರಿಯ ಬರಹದಲ್ಲಿ ಪುಟಪುಟಕ್ಕೂ ಬರುವ ಮಾತು ಅದು. ನನ್ನ ಪ್ರತಿಯಲ್ಲಿ ಅದು ಹಲವು ಕಡೆ ‘ಹಿಲ್’ ಆಗಿತ್ತು. ಆ ಪುಸ್ತಕದ ತುಂಬ ನಿಜವಾದ ಬೆಟ್ಟಗಳೂ ಇರುವುದರಿಂದ ಓದುವಾಗ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಕಾರ್ಬೆಟ್ ಸಂಜೆ ಮರ ಹತ್ತಿ ‘ಬೆಟ್ಟವನ್ನು ಕಾಯುತ್ತ’ ಕುಳಿತರು, ಕತ್ತಲಾದ ಮೇಲೆ ಹುಲಿ ‘ಬೆಟ್ಟಕ್ಕೆ’ ಮರಳಿತು ಎಂದು ನಾನು ನಿಸ್ಸಂಶಯವಾಗಿ ಓದುತ್ತ ಹೋದೆ. ಅಪ್ಪಯ್ಯ ತಡೆದರು. “ಅಲ್ಲ ಮಾರಾಯ್ತಿ, ಹಿಡಿದ ದನ ಎಲ್ಲಿ ಹೋಯ್ತು? ದನ ಬಿಟ್ಟು ಬೆಟ್ಟ ಯಾಕೆ ಕಾಯ್ತಾನೆ ಅವ?” ಹಿಂದಿನ ಎರಡು ಪುಟಗಳನ್ನು ಮತ್ತೆ ಓದಿದ ಮೇಲೆ ಕಾರಣ ತಿಳಿಯಿತು. ಅಲ್ಲಿಂದ ಮುಂದೆ ಪ್ರತಿ ‘ಹಿಲ್’ ಎದುರಾದಾಗಲೂ ಇದು ಗುಡ್ಡವೋ ಹೆಣವೋ ಎಂದು ನಿಂತು ಯೋಚಿಸಬೇಕಾಯಿತು. ಗಟ್ಟಿಯಾಗಿ ಓದುವವರಿಗೆ, ಅದರಲ್ಲೂ ಓದುತ್ತಲೇ ಇನ್ನೊಂದು ಭಾಷೆಗೆ ತರುವವರಿಗೆ, ಹೀಗೆ ನಿಲ್ಲುವುದೆಂದರೆ ಕತೆಯ ಉಸಿರೇ ನಿಂತಂತೆ.

ಇದನ್ನಾದರೂ ಸಹಿಸಬಹುದಿತ್ತು. ಬೇಸರವಾದದ್ದು ಬೇರೆ ಕಾರಣಕ್ಕೆ. 1944ರಲ್ಲಿ ಮೊದಲು ಪ್ರಕಟವಾದ ಈ ಪುಸ್ತಕದಲ್ಲಿ ಚಂಪಾವತದ ನರಭಕ್ಷಕಿಯ ಅಧ್ಯಾಯ ಮುಗಿದ ಕೂಡಲೇ ‘ರಾಬಿನ್’ ಎಂಬ ಅಧ್ಯಾಯ ಬರುತ್ತದೆ. ಅದು ಕಾರ್ಬೆಟ್ಟರ ಸ್ಪ್ಯಾನಿಯಲ್ ನಾಯಿಯ ಕತೆ. 15 ರೂಪಾಯಿಗೆ ಕೊಂಡ ಆ ಮರಿಯನ್ನು ಈಗ ಇಡೀ ಹಿಂದುಸ್ಥಾನದ ಚಿನ್ನ ಕೊಟ್ಟರೂ ಕೊಡಲಾರೆನೆಂದು ಅವರು ಬರೆದಿದ್ದಾರೆ. ನನ್ನ ಪ್ರತಿಯಲ್ಲಿ ಚಂಪಾವತದಿಂದ ನೇರವಾಗಿ ಚೌಗಢಕ್ಕೆ ಹಾರಿದ್ದರು. ಹೆಸರಿನಲ್ಲಿ ನರಭಕ್ಷಕರಿರುವ ಪುಸ್ತಕಕ್ಕೆ ನಾಯಿಯ ಕತೆ ಏಕೆಂದು ಯಾರೋ ತೀರ್ಮಾನಿಸಿರಬೇಕು. ಅದರ ಜೊತೆಗೆ ಆರಂಭದ ಲೇಖಕರ ಮಾತೂ ಇರಲಿಲ್ಲ. ಹುಲಿ ನರಭಕ್ಷಕನಾಗುವುದು ಹತ್ತರಲ್ಲಿ ಒಂಬತ್ತು ಸಲ ಗಾಯದಿಂದ, ಹತ್ತನೆಯ ಸಲ ಮುಪ್ಪಿನಿಂದ ಎಂದು ಅವರು ಬಿಡಿಸಿ ಹೇಳುವುದು ಆ ಕೆಲವೇ ಪುಟಗಳಲ್ಲಿ. ಹುಲಿಯನ್ನು ದೊಡ್ಡ ಮನಸ್ಸಿನ, ಎಣೆಯಿಲ್ಲದ ಧೈರ್ಯದ ಪ್ರಾಣಿಯೆಂದು ಕರೆದು, ಅದು ಅಳಿದರೆ ದೇಶ ಬಡವಾಗುತ್ತದೆ ಎನ್ನುವುದೂ ಅಲ್ಲಿಯೇ. ಆ ಪುಟಗಳನ್ನು ಕಿತ್ತುಹಾಕಿದರೆ ಉಳಿಯುವುದು ಹುಲಿ ಹೊಡೆದವನೊಬ್ಬನ ಸಾಹಸದ ವರದಿ. ಕಾರ್ಬೆಟ್ ಬರೆದದ್ದು ಅಂಥ ಪುಸ್ತಕವನ್ನಲ್ಲ. ನಾಯಿಯ ಕತೆಗಾಗಿಯೇ ಅಪ್ಪಯ್ಯ ಕಾಯುತ್ತಿದ್ದರು, ಏಕೆಂದರೆ ಅದರ ವಿಷಯವನ್ನು ನಾನೇ ಮೊದಲು ಹೇಳಿ ಆಸೆ ಹುಟ್ಟಿಸಿದ್ದೆ. ಕೊನೆಗೆ ಶಿವಮೊಗ್ಗದ ಗೆಳತಿಯೊಬ್ಬಳ ಮನೆಯಿಂದ ಹಳೆಯ ಆಕ್ಸ್‌ಫರ್ಡ್ ಪ್ರತಿಯನ್ನು ಎರವಲು ತಂದು ಓದಿದೆ. ಅಗ್ಗದ ಪ್ರತಿಯನ್ನು ಮರಳಿಸಲು ಬರೆದದ್ದಕ್ಕೆ, ಗಡುವು ಮುಗಿದಿದೆ ಎಂಬ ಒಂದು ಸಾಲಿನ ಉತ್ತರ ಬಂತು.

ಸರಿಯಾದ ಪ್ರತಿ ಕೈಗೆ ಬಂದ ಮೇಲೆ ಕಾರ್ಬೆಟ್ ಎಷ್ಟು ದೊಡ್ಡವರೆಂಬುದು ಕಾಣಿಸಿತು. ನೇಪಾಳದಲ್ಲಿ 200, ಕುಮಾಊಂನಲ್ಲಿ 234, ಅವರ ಲೆಕ್ಕದ ಪ್ರಕಾರ ಅದಕ್ಕೂ ತುಸು ಹೆಚ್ಚೇ ಜನರನ್ನು ಕೊಂದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದ ಮೇಲೆ ಅವರು ಮಾಡುವ ಮೊದಲ ಕೆಲಸಗಳಲ್ಲಿ ಒಂದು ಅದರ ಬಾಯಿ ತೆರೆದು ನೋಡುವುದು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿದೆ, ಕೆಳಗಿನದು ಎಲುಬಿನವರೆಗೂ ಹೋಗಿದೆ. ಹಿಂದೆ ಯಾರೋ ಹೊಡೆದ ಗುಂಡಿನ ಪರಿಣಾಮ ಅದು. ಚೌಗಢದ ಹುಲಿ ಎದುರಾಗುವ ಹೊತ್ತಿಗೆ ಅವರ ಎಡಗೈಯಲ್ಲಿ ನೈಟ್‌ಜಾರ್ ಹಕ್ಕಿಯ ಎರಡು ಮೊಟ್ಟೆಗಳಿರುತ್ತವೆ. ಬಂಡೆಯ ಮಗ್ಗುಲಲ್ಲಿ ಹುಲಿ ಕೆಲವೇ ಅಡಿ ದೂರದಲ್ಲಿ ಕುಳಿತಿದೆ, ಅವರು ಒಂದೇ ಕೈಯಲ್ಲಿ ಬಂದೂಕನ್ನು ಕೂದಲೆಳೆಯಷ್ಟು ನಿಧಾನವಾಗಿ ತಿರುಗಿಸುತ್ತಿದ್ದಾರೆ. ನಾನು ಉಸಿರು ಬಿಗಿಹಿಡಿದು ಗುಂಡು ಹಾರಿಸಿದ ಸಾಲನ್ನು ಓದಿ ಮುಗಿಸಿದಾಗ ಅಪ್ಪಯ್ಯ ಹುಲಿಯ ವಿಷಯ ಕೇಳಲಿಲ್ಲ. “ಮೊಟ್ಟೆ ಒಡೀತಾ?” ಎಂದರು. ಕಾರ್ಬೆಟ್ ಅವನ್ನು ಮರಳಿ ಗೂಡಿನ ಜಾಗದಲ್ಲಿಟ್ಟರೆಂದು ಮುಂದೆ ಓದಿ ಹೇಳಿದ ಮೇಲೆ ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದರು.

‘ಕಾಡಿನ ಕತೆಗಳು’ ನಾಲ್ಕು ಭಾಗಗಳಲ್ಲಿದೆ. ‘ಬೆಳಂದೂರಿನ ನರಭಕ್ಷಕ’ ಮೊದಲನೆಯದು, ನಂತರದವು ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’ ಮತ್ತು ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಆಂಡರ್ಸನ್ ಬೆಂಗಳೂರಿನಲ್ಲೇ ಬಾಳಿ 1974ರಲ್ಲಿ ಅಲ್ಲಿಯೇ ತೀರಿಕೊಂಡವರು. ಅವರ ಕಾಡೆಂದರೆ ನಮ್ಮ ಕಾಡು. 1954ರ ಅವರ ಮೊದಲ ಇಂಗ್ಲಿಷ್ ಪುಸ್ತಕದ ಪರಿವಿಡಿಯಲ್ಲೇ ಹೊಸದುರ್ಗ, ಹೊಳಲ್ಕೆರೆ, ದೇವರಾಯನದುರ್ಗ, ನಮ್ಮ ಜಿಲ್ಲೆಯ ತ್ಯಾಗರ್ತಿಯ ಹೆಸರುಗಳಿವೆ. ಜಾಲಹಳ್ಳಿಯ ಸುತ್ತ ಚಿರತೆ ಅಡಗುವಷ್ಟು ಪೊದೆಯಿತ್ತು ಎಂಬುದನ್ನು ಇಂದಿನ ಬೆಂಗಳೂರು ಕಂಡವರು ನಂಬುವುದು ಕಷ್ಟ. ಕಿವಿಗೆ ಇದರಷ್ಟು ಹಿತವಾದ ಗದ್ಯ ವಿರಳ. ಎಲ್ಲೂ ಅನುವಾದವೆನಿಸುವುದಿಲ್ಲ, ಎದುರು ಕುಳಿತು ಹೇಳಿದಂತೆ ಓಡುತ್ತದೆ. ಆದರೆ ಒಂದೇ ಬಗೆಯ ಕತೆಗಳನ್ನು ಸಾಲಾಗಿ ಓದಿದಾಗ ಒಂದು ಕೊರತೆ ಗೋಚರಿಸುತ್ತದೆ. ಊರಿನಲ್ಲಿ ಸಾವು, ಪೇಟೆಯಿಂದ ಕರೆ, ಕಟ್ಟಿದ ದನ, ಮರದ ಮೇಲಿನ ಮಚಾನು, ಕತ್ತಲು, ಗುಂಡು. ಆರನೆಯ ರಾತ್ರಿಯ ಹೊತ್ತಿಗೆ ಅಪ್ಪಯ್ಯ ಮುಂದಿನದನ್ನು ತಾವೇ ಹೇಳತೊಡಗಿದರು. ವಾರಕ್ಕೊಂದು ಕತೆಯಂತೆ ಓದಿದರೆ ಈ ದಣಿವು ಬರುವುದಿಲ್ಲ.

ಬಸವನಹುಳುವಿನ ಪುಸ್ತಕವನ್ನು ನಾನು ಬಹಳ ಆಸೆಯಿಂದ ಕೊಂಡಿದ್ದೆ. 2010ರಲ್ಲಿ ಬಂದ ಪುಸ್ತಕ. ಕಾಯಿಲೆಯಿಂದ ಹಾಸಿಗೆ ಹಿಡಿದ ಲೇಖಕಿಗೆ ಗೆಳತಿಯೊಬ್ಬಳು ಹೂವಿನ ಕುಂಡದಲ್ಲಿ ಒಂದು ಕಾಡು ಬಸವನಹುಳು ತಂದಿಡುತ್ತಾಳೆ, ಮಗ್ಗುಲು ತಿರುಗಲೂ ಕಷ್ಟಪಡುವವಳು ತಿಂಗಳುಗಟ್ಟಲೆ ಅದನ್ನೇ ನೋಡುತ್ತ ಮಲಗಿರುತ್ತಾಳೆ. ನಿಶ್ಶಬ್ದ ರಾತ್ರಿಯಲ್ಲಿ ಅದು ಹೂವಿನ ದಳವನ್ನು ತಿನ್ನುವ ಸದ್ದು ಅವಳಿಗೆ ಕೇಳಿಸುತ್ತದೆ. ಅದರ ನಾಲಿಗೆಯ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಹಲ್ಲುಗಳಿವೆಯೆಂದು ಓದಿದಾಗ ಅಪ್ಪಯ್ಯನಿಗೆ ಆಶ್ಚರ್ಯವಾಗಲಿಲ್ಲ, ವೀಳ್ಯದೆಲೆಯ ಬಳ್ಳಿಗೆ ಅದು ಮಾಡುವ ಹಾನಿಯನ್ನು ಅವರು ಕಂಡಿದ್ದರು. ನನ್ನ ಮಟ್ಟಿಗೆ ಇದು ಒಬ್ಬರೇ ಕುಳಿತು ಮೌನವಾಗಿ ಓದಬೇಕಾದ ಶ್ರೇಷ್ಠ ಪುಸ್ತಕ. ಓದಿ ಹೇಳಲು ಆಗಲಿಲ್ಲ. ಅದರ ಸೊಗಸೆಲ್ಲ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳ ನಿಧಾನದಲ್ಲಿದೆ, ನನ್ನ ಆಶು ಕನ್ನಡದಲ್ಲಿ ಅದು ಉಳಿಯಲಿಲ್ಲ. ಜೊತೆಗೆ, ಹಾಸಿಗೆ ಹಿಡಿದವರ ದಿನಗಳ ವಿವರ ಕಾಯಿಲೆಯವರ ಮುಂದೆ ಓದಲು ನನಗೇ ಸಂಕಟವಾಯಿತು. ಅರ್ಧಕ್ಕೆ ಬಿಟ್ಟು, ಉಳಿದದ್ದನ್ನು ನಾನೊಬ್ಬಳೇ ಮುಗಿಸಿದೆ.

ಇನ್ನು ‘ಕರ್ವಾಲೊ’. 1980ರಲ್ಲಿ ಬಂದ ಈ ಕಾದಂಬರಿ ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳುವುದರಿಂದ ಆರಂಭವಾಗುತ್ತದೆ. ಕತೆಯ ಕೇಂದ್ರದಲ್ಲಿರುವ ಪ್ರಾಣಿಯಾದ ಹಾರುವ ಓತಿ ಸರಿಯಾಗಿ ಕಾಣಿಸಿಕೊಳ್ಳುವುದು ಕೊನೆಯ ಕೆಲವು ಪುಟಗಳಲ್ಲಿ ಮಾತ್ರ. ಪ್ರಾಣಿಯೇ ಇಲ್ಲದ ಪ್ರಾಣಿ ಪುಸ್ತಕವೇ ಎಂದು ಕೇಳುವವರಿದ್ದಾರೆ. ನನಗೆ ಇದರ ಹಿರಿಮೆ ಇರುವುದೇ ಅಲ್ಲಿ. ವಿಜ್ಞಾನಿ ಕರ್ವಾಲೊ, ಕಳ್ಳಭಟ್ಟಿಯ ಕೇಸಿನಲ್ಲಿ ಸಿಕ್ಕಿಬೀಳುವ ಮಂದಣ್ಣ, ಫೋಟೋ ತೆಗೆಯುವ ಪ್ರಭಾಕರ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇವರೆಲ್ಲ ಸೇರಿ ಒಂದು ಓತಿಗಾಗಿ ಕಾಡು ಹೊಗುವಾಗ, ಓದುವವರ ಕಣ್ಣೂ ಮರದಿಂದ ಮರಕ್ಕೆ ಹುಡುಕತೊಡಗುತ್ತದೆ. ಬೇಟೆಯ ಪುಸ್ತಕದಲ್ಲಿ ಪ್ರಾಣಿ ಸಿಕ್ಕರೆ ಕತೆ ಮುಗಿಯಿತು. ಇಲ್ಲಿ ಅದು ಕೈಗೆ ಸಿಗದೆ ಬೆಟ್ಟದಂಚಿನಿಂದ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ, ನಮ್ಮ ಹುಡುಕಾಟ ಮುಗಿಯದೆ ಉಳಿಯುತ್ತದೆ. ಮಂದಣ್ಣನ ಮಾತುಗಳನ್ನು ಓದಲು ನಾನು ದನಿ ಬದಲಿಸಬೇಕಾಗಲಿಲ್ಲ, ನಮ್ಮ ಮನೆಯ ಜಗಲಿಯಲ್ಲಿ ಆಡುವ ಮಾತೇ ಅದು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಮಂದಣ್ಣನ ಕಣ್ಣಿನ ಮೇಲೆ ವಿಜ್ಞಾನಿಯೊಬ್ಬ ಇಡುವ ನಂಬಿಕೆ ಅಪ್ಪಯ್ಯನಿಗೆ ಎಷ್ಟು ಇಷ್ಟವಾಯಿತೆಂದರೆ ಆ ಭಾಗಗಳನ್ನು ಎರಡು ಸಲ ಓದಿಸಿದರು.

ಅವರದ್ದೊಂದು ತಕರಾರು ಇತ್ತು, ಅದು ನ್ಯಾಯವಾದದ್ದೇ. “ಹಾರೋ ಓತಿ ಹುಡುಕ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ನಮ್ಮ ತೋಟದಲ್ಲೇ ಉಂಟಲ್ಲ” ಎಂದರು. ಪಶ್ಚಿಮ ಘಟ್ಟದ ಅಡಿಕೆ, ತೆಂಗಿನ ತೋಟಗಳಲ್ಲಿ ಈ ಓತಿ ಇರುವುದು ನಿಜ. ಅದರ ಉದ್ದ ಪಕ್ಕೆಲುಬುಗಳು ಮೈಯಿಂದ ಹೊರಚಾಚಿ ಚರ್ಮದ ಪೊರೆಯನ್ನು ಕೊಡೆಯಂತೆ ಬಿಡಿಸುತ್ತವೆ. ಅದು ರೆಕ್ಕೆ ಬಡಿಯುವುದಿಲ್ಲ, ಎತ್ತರದಿಂದ ತೇಲಿ ಇಳಿಯುತ್ತದೆ. ಮಳೆ ಹೊಳವಾದ ಒಂದು ದಿನ ಹತ್ತು ಗಂಟೆಯ ಬಿಸಿಲಿಗೆ, ಅವರು ಹೇಳಿದ ಸಾಲಿನ ಅಡಿಕೆ ಮರಗಳ ಕೆಳಗೆ ಕತ್ತೆತ್ತಿ ನಿಂತೆ. ಅರ್ಧ ಗಂಟೆ ಏನೂ ಕಾಣಲಿಲ್ಲ. ಆಮೇಲೆ, ಕಾಂಡದ ಮೇಲಿನ ಬೂದು ಕಲೆಯೊಂದು ತನ್ನ ಗಂಟಲಿನಿಂದ ಹಳದಿ ಬಣ್ಣದ ಚೂಪಾದ ಪಟ್ಟಿಯೊಂದನ್ನು ಹೊರಗೆ ಚಾಚಿ ಒಳಗೆಳೆದುಕೊಂಡಿತು. ಮತ್ತೆ ಚಾಚಿತು. ಮೂರು ಇರುವೆ ತಿಂದು, ಮೇಲಕ್ಕೆ ನಾಲ್ಕು ಹೆಜ್ಜೆ ಓಡಿ, ಎದುರು ಸಾಲಿನ ಮರಕ್ಕೆ ತೇಲಿ ಅಂಟಿಕೊಂಡಿತು. ನಲವತ್ತು ವರ್ಷ ಇದೇ ತೋಟದಲ್ಲಿ ಓಡಾಡಿದ ನಾನು ಅದನ್ನು ನೋಡಿದ್ದು ಅದೇ ಮೊದಲು. ಒಳಗೆ ಹೋಗಿ ಹೇಳಿದಾಗ ಅಪ್ಪಯ್ಯ ಕೇಳಿದ್ದು, “ಯಾವ ಮರದಿಂದ ಯಾವ ಮರಕ್ಕೆ?”

ನನ್ನ ತೀರ್ಪು ನಮ್ಮ ಮನೆಯ ಅಭ್ಯಾಸಕ್ಕೆ ಹೊಂದಿಕೊಂಡದ್ದು. ಓದಿ ಹೇಳುವವರಿದ್ದರೆ, ಐನೂರು ರೂಪಾಯಿಯೊಳಗೆ ಮುಗಿಸಬೇಕೆಂದಿದ್ದರೆ, ಮೊದಲು ‘ಕರ್ವಾಲೊ’, ಜೊತೆಗೆ ‘ಕಾಡಿನ ಕತೆಗಳು’ ಮಾಲೆಯ ಒಂದೇ ಒಂದು ಭಾಗ. ಇಂಗ್ಲಿಷ್ ಸಲೀಸಾಗಿ ಬರುವ, ಒಂಟಿಯಾಗಿ ಓದುವವರು ಬಸವನಹುಳುವಿನ ಪುಸ್ತಕಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಕಾರ್ಬೆಟ್ ಬೇಕೆಂದರೆ ಹೊದಿಕೆಯ ಹುಲಿಗೆ ಮರುಳಾಗದೆ ಪರಿವಿಡಿ ತೆರೆದು ಎರಡನೆಯ ಅಧ್ಯಾಯ ‘ರಾಬಿನ್’ ಇದೆಯೇ ಎಂದು ನೋಡಿ. ಅದು ಇಲ್ಲದಿದ್ದರೆ ಪುಸ್ತಕವನ್ನು ಕೆಳಗಿಟ್ಟು ಹಳೆಯ ಪುಸ್ತಕದ ಅಂಗಡಿಗೆ ಹೋಗಿ. ನಾನೂ ಹಾಗೆಯೇ ಮಾಡಿದೆ. ಎರವಲು ತಂದ ಪ್ರತಿಯನ್ನು ಗೆಳತಿಗೆ ಮರಳಿಸುವ ಮೊದಲು ನಮ್ಮದೇ ಒಂದು ಪ್ರತಿ ಸಿಕ್ಕಿತು. ಹೊದಿಕೆ ಹರಿದಿದೆ, ಯಾರದೋ ಹೆಸರು ಶಾಯಿಯಲ್ಲಿದೆ, ಆದರೆ ನಾಯಿಯ ಕತೆ ಪೂರ್ತಿಯಾಗಿದೆ.