ಗ್ಯಾಸ್ ಮಾತ್ರೆ ವರ್ಷಗಟ್ಟಲೆ ನುಂಗುತ್ತಿದ್ದೀರಾ? ನಮ್ಮ ಚಿಕ್ಕಪ್ಪನಿಗೆ ಆದದ್ದನ್ನು ಓದಿ

ನಮ್ಮ ಕಡೆ ಪ್ಯಾಂಟೊಪ್ರಜೋಲನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಅದು ಬರೀ ಗ್ಯಾಸ್ ಮಾತ್ರೆ. ಬೆಳಿಗ್ಗೆ ಬೆಲ್ಲದ ಕಾಫಿಗೆ ಮುಂಚೆ ಒಂದು, ನೆಂಟರ ಮನೆಯಲ್ಲಿ ಹಂದಿ ಕರಿ ಊಟ ಇದ್ದರೆ ಇನ್ನೊಂದು. ಸಂತೆಗೆ ಹೋದಾಗ ಎರಡು ಪಟ್ಟಿ ತಂದಿಟ್ಟುಕೊಂಡರೆ ಆಯ್ತು. ಸೋಮವಾರಪೇಟೆ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಚಿಕ್ಕಪ್ಪ ಇದೇ ಅಭ್ಯಾಸದಿಂದ ಏನು ಅನುಭವಿಸಿದರು ಅಂತ ಇಲ್ಲಿ ಹೇಳುತ್ತೇನೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ನಾಲ್ಕು ಜನಕ್ಕೆ ಗೊತ್ತಾಗಲಿ" ಅಂದರು.

ಶುರುವಾದದ್ದು ಎದೆಯುರಿ, ಹುಳಿತೇಗಿನಿಂದ. ಊರಿನ ಡಾಕ್ಟರು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಬರೆದುಕೊಟ್ಟರು. ಚೀಟಿಯಲ್ಲಿ ಎರಡು ವಾರ ಅಂತ ಸ್ಪಷ್ಟವಾಗಿ ಇತ್ತು. ಉರಿ ಹೋಯಿತು. ಆದರೆ ಮಾತ್ರೆ ಬಿಟ್ಟ ಮೇಲೆ ಮತ್ತೆ ಬಂತು. ಚಿಕ್ಕಪ್ಪ ಖಾಲಿ ಪಟ್ಟಿ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋದರು, ಅವರು ಕೊಟ್ಟರು. ಮುಂದಿನ ತಿಂಗಳೂ ಕೊಟ್ಟರು. ಹೀಗೇ ವರ್ಷಗಟ್ಟಲೆ ನಡೆಯಿತು. ಚೀಟಿ ಎಲ್ಲಿ, ಎಷ್ಟು ದಿನದಿಂದ ತಗೊಳ್ತಿದ್ದೀರಿ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಆ ಪಟ್ಟಿಯ ಹಿಂದೆಯೇ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಅಚ್ಚು ಹಾಕಿರುತ್ತದೆ, ತಿರುಗಿಸಿ ನೋಡಿ. ನನಗೆ ಇವತ್ತಿಗೂ ಸಿಟ್ಟಿರುವುದು ಇದರ ಮೇಲೆ.

ಆಮೇಲೆ ಕಾಲು ಜೋಮು ಹಿಡಿಯಲು ಶುರುವಾಯಿತು. ಮೊದಲು ಬೆರಳುಗಳು, ನಂತರ ಪಾದ. ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಜೊತೆಗೆ ಸುಸ್ತು, ಮರೆವು. ಅವರಿಗೆ ಮೊದಲಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಾರೆ. ಹಾಗಾಗಿ ನೋಡಿದವರೆಲ್ಲ ಶುಗರಿನದ್ದೇ ತೊಂದರೆ ಅಂದರು. ಕಾಫಿ ಕುಯ್ಲಿನ ಹೊತ್ತಿಗೆ ತೋಟದ ಇಳಿಜಾರಿನಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡ ಮೇಲೆ ಮೈಸೂರಿಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ದಿನಾ ಏನೇನು ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಚಿಕ್ಕಪ್ಪ ಶುಗರಿಂದು, ಬಿಪಿದು ಅಂದರು. ಗ್ಯಾಸ್ ಮಾತ್ರೆ ಬಾಯಿಗೇ ಬರಲಿಲ್ಲ. ಚಿಕ್ಕಮ್ಮ ಬ್ಯಾಗಿನಿಂದ ಪಟ್ಟಿ ತೆಗೆದು ಮೇಜಿನ ಮೇಲೆ ಇಟ್ಟಾಗಲೇ ವಿಷಯ ಹೊರಗೆ ಬಂದದ್ದು. ಆ ದಿನವೇ ರಕ್ತ ಪರೀಕ್ಷೆ ಮಾಡಿಸಿದರು. ನರಗಳಿಗೆ ಬೇಕಾದ ವಿಟಮಿನ್ ಬಿ12 ತೀರಾ ಕೆಳಗಿತ್ತು.

ಚಿಕ್ಕಪ್ಪನಿಗೆ ನಂಬಿಕೆಯೇ ಬರಲಿಲ್ಲ. "ನಾನು ಮಾಂಸ, ಮೊಟ್ಟೆ ಎಲ್ಲಾ ತಿನ್ನೋನು, ನನಗ್ಯಾಕೆ ಬಿ12 ಕಮ್ಮಿಯಾಗುತ್ತೆ?" ಅಂತ ವಾದ ಮಾಡಿದರು. ಡಾಕ್ಟರಮ್ಮ ವಿವರಿಸಿದ್ದು ಹೀಗೆ. ಮಾಂಸದಲ್ಲಿರುವ ಬಿ12 ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸುವುದಕ್ಕೆ ಹೊಟ್ಟೆಯ ಆಸಿಡ್ ಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್, ಇವೆಲ್ಲ ಆಸಿಡ್ ಮಾಡುವ ಪಂಪನ್ನೇ ಮುಚ್ಚಿಬಿಡುತ್ತವೆ. ಎರಡು ವಾರ ಮುಚ್ಚಿದರೆ ತೊಂದರೆ ಇಲ್ಲ, ವರ್ಷಗಟ್ಟಲೆ ಮುಚ್ಚಿದರೆ ತಿಂದದ್ದು ಮೈಗೆ ಸೇರುವುದು ಕಮ್ಮಿಯಾಗುತ್ತದೆ. ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಎರಡೂ ಸೇರಿದರೆ ಕೇಳಬೇಕಾ! ಶುಗರಿನ ಜೋಮೂ ಬಿ12 ಕೊರತೆಯ ಜೋಮೂ ಒಂದೇ ಥರ ಇರುವುದರಿಂದ ರಕ್ತ ಪರೀಕ್ಷೆ ಮಾಡಿಸದೆ ಗೊತ್ತಾಗುವುದಿಲ್ಲ. ಈ ಎರಡೂ ಮಾತ್ರೆ ತಗೊಳ್ಳುತ್ತಿರುವವರು ನಿಮ್ಮ ಮನೆಯಲ್ಲಿ ಇದ್ದರೆ ದಯವಿಟ್ಟು ಬಿ12 ಪರೀಕ್ಷೆ ಮಾಡಿಸಿ. ನಾನು ಇದನ್ನು ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕೆ.

ಬಿ12 ಒಂದೇ ಅಲ್ಲ. ತುಂಬಾ ಕಾಲ ತಗೊಂಡರೆ ಮೆಗ್ನೀಷಿಯಂ ಇಳಿಯಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ, ಮೂಳೆ ಮುರಿತದ ಬಗ್ಗೆ ಅದಕ್ಕೂ ಒಂದು ವರ್ಷ ಮುಂಚೆ. ಅಲ್ಲಿ ಚೀಟಿ ಇಲ್ಲದೆ ಸಿಗುವ ಒಮೆಪ್ರಜೋಲ್ ಡಬ್ಬಿ ಮೇಲೆ 14 ದಿನ ಮಾತ್ರ, ಅದೂ 4 ತಿಂಗಳಿಗೊಮ್ಮೆ ಅಂತ ಬರೆದಿರುತ್ತದೆ. ನಮ್ಮಲ್ಲಿ ಇನ್ನೊಂದಿದೆ, ಹೆಸರಿನ ಕೊನೆಗೆ 'ಡಿ' ಅಥವಾ 'ಡಿಎಸ್‌ಆರ್' ಇರುವ ಕ್ಯಾಪ್ಸೂಲ್. ಅದರಲ್ಲಿ ಡೊಂಪೆರಿಡೋನ್ ಅನ್ನುವ ವಾಂತಿ ತಡೆಯುವ ಔಷಧಿಯೂ ಸೇರಿರುತ್ತದೆ. ಅದು ಹೃದಯದ ಬಡಿತ ಏರುಪೇರು ಮಾಡಬಹುದು, ವಯಸ್ಸಾದವರಿಗೆ ಅಪಾಯ ಜಾಸ್ತಿ. ಯುರೋಪಿನಲ್ಲಿ 2014ರಿಂದ ಅದನ್ನು ವಾಂತಿ, ವಾಕರಿಕೆಗೆ ಮಾತ್ರ, ಕೆಲವೇ ದಿನಕ್ಕೆ ಅಂತ ಮಿತಿ ಹಾಕಿದ್ದಾರೆ. ಎದೆಯುರಿಗೆ, ಹೊಟ್ಟೆ ಉಬ್ಬರಕ್ಕೆ ಅಲ್ಲ.

ಇಷ್ಟು ಕೇಳಿ ಚಿಕ್ಕಪ್ಪ ಹೆದರಿ, ಮನೆಗೆ ಬಂದವರೇ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಮೊದಲಿಗಿಂತ ಜೋರಾಗಿ ಉರಿ ಬಂತು. ತಡೆದಿಟ್ಟ ಪಂಪು ಬಿಟ್ಟ ಕೂಡಲೇ ಸ್ವಲ್ಪ ಕಾಲ ಆಸಿಡ್ ಹೆಚ್ಚೇ ಬರುತ್ತದಂತೆ. ಹೀಗೆ ಮರಳಿ ಬರುವ ಉರಿಯನ್ನೇ ರೋಗ ಅಂದುಕೊಂಡು ಜನ ಮತ್ತೆ ಪಟ್ಟಿ ಹಿಡಿಯುತ್ತಾರೆ, ಬಿಡಲಿಕ್ಕೇ ಆಗುವುದಿಲ್ಲ. ಡಾಕ್ಟರಮ್ಮ 40 ಇದ್ದದ್ದನ್ನು 20ಕ್ಕೆ ಇಳಿಸಿ, ಆಮೇಲೆ ದಿನ ಬಿಟ್ಟು ದಿನ ಮಾಡಿ, ನಡುವೆ ಉರಿ ಬಂದರೆ ಕುಡಿಯಲು ಆಂಟಾಸಿಡ್ ಸಿರಪ್ ಕೊಟ್ಟು ನಿಧಾನವಾಗಿ ಬಿಡಿಸಿದರು. ಮಾತ್ರೆ ತಗೊಳ್ಳುವಾಗಲೂ ತಿಂಡಿಗೆ ಅರ್ಧ ಗಂಟೆ ಮುಂಚೆ ತಗೊಳ್ಳಬೇಕು, ಹೊಟ್ಟೆ ತುಂಬಿದ ಮೇಲೆ ನುಂಗಿದರೆ ಅಷ್ಟು ಕೆಲಸ ಮಾಡುವುದಿಲ್ಲ ಅಂದರು.

ಎಂಡೋಸ್ಕೋಪಿಯೂ ಆಯಿತು. ಹೊಟ್ಟೆಯಲ್ಲಿ ಎಚ್. ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಅದಕ್ಕೆ 14 ದಿನದ ಆಂಟಿಬಯೋಟಿಕ್ ಕೋರ್ಸ್ ಮುಗಿಸಿದ ಮೇಲೆ ಉರಿಯೇ ಕಮ್ಮಿಯಾಯಿತು. ಇಷ್ಟು ವರ್ಷ ಗ್ಯಾಸ್ ಮಾತ್ರೆ ಮಾಡಿದ್ದು ಆ ಉರಿಯನ್ನು ಗೊತ್ತಾಗದಂತೆ ಇಟ್ಟದ್ದು ಅಷ್ಟೇ. ಒಂದು ಮಾತು: ಈ ಬ್ಯಾಕ್ಟೀರಿಯಾದ ಪರೀಕ್ಷೆಗೆ ಎರಡು ವಾರ ಮುಂಚೆ ಗ್ಯಾಸ್ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ನಿಲ್ಲಿಸದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು.

ಹಾಗಂತ ಇದನ್ನು ಓದಿ ಇವತ್ತೇ ಮಾತ್ರೆ ಎಸೆಯಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ, ಹುಣ್ಣಿನಿಂದ ರಕ್ತ ಸೋರಿದವರಿಗೆ ಇದು ಬೇಕೇ ಬೇಕಾಗಬಹುದು. ನಿಮಗೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ: ಯಾಕೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು? ಮಲ ಡಾಂಬರಿನ ಥರ ಕಪ್ಪಗೆ ಹೋಗುತ್ತಿದ್ದರೆ, ನುಂಗುವಾಗ ಊಟ ಸಿಕ್ಕಿಕೊಂಡರೆ, ಸುಮ್ನೆ ತೂಕ ಇಳಿಯುತ್ತಿದ್ದರೆ ಮೆಡಿಕಲ್ ಶಾಪಿಗಲ್ಲ, ಆಸ್ಪತ್ರೆಗೇ ಹೋಗಿ.

ಚಿಕ್ಕಪ್ಪನಿಗೆ ಬಿ12 ಇಂಜೆಕ್ಷನ್ ನಡೆಯುತ್ತಿದೆ. ಸುಸ್ತು ಹೋಗಿದೆ, ಮರೆವು ಎಷ್ಟೋ ವಾಸಿ. ಪಾದದ ಜೋಮು ಪೂರ್ತಿ ಹೋಗಿಲ್ಲ, ನರಕ್ಕೆ ತುಂಬಾ ದಿನ ಪೆಟ್ಟು ಬಿದ್ದರೆ ಎಲ್ಲವೂ ಮರಳಿ ಬರುತ್ತದೆ ಅಂತ ಹೇಳಲಾಗುವುದಿಲ್ಲವಂತೆ.

ತೋಟದ ಮಾಲೀಕರಿಗೆ ಒಂದು ಕೋರಿಕೆ. ಕುಯ್ಲಿನ ಸಮಯದಲ್ಲಿ ಲೈನ್ ಮನೆಯಲ್ಲಿರುವ ಕೂಲಿಯವರಿಗೆ ಕೊಡಲು ಡಬ್ಬಿಯಲ್ಲಿ ನೋವಿನ ಮಾತ್ರೆ, ಗ್ಯಾಸ್ ಮಾತ್ರೆ ಇಟ್ಟುಕೊಂಡಿರುತ್ತೀರಿ, ಅಲ್ವಾ? ದಿನಾ ಬಂದು ಕೇಳುವವರು ಯಾರು ಅಂತ ಗಮನಿಸಿ, ಅವರನ್ನು ಒಮ್ಮೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕಳಿಸಿ. ಇನ್ನು ಎದೆ ಹಿಡಿದುಕೊಂಡು ಬೆವರುತ್ತಾ ಬಂದು, ಎಡಗೈಯೋ ದವಡೆಯೋ ನೋಯುತ್ತಿದೆ ಅಂದವರಿಗೆ ಗ್ಯಾಸ್ ಇರಬಹುದು ಅಂತ ಮಾತ್ರೆ ಕೊಟ್ಟು ಕೂರಿಸಬೇಡಿ. ಜೀಪು ತೆಗೆದು ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇಲ್ಲವೇ 108ಕ್ಕೆ ಫೋನ್ ಮಾಡಿ.