ಗಿಡದ ಬುಡಕ್ಕೆ ಹೂಳುವ ಮಣ್ಣಿನ ಗಡಿಗೆ: ವಿಜಯಪುರದ ಎರಿ ಮಣ್ಣಿಗೆ ಹೊಂದುತ್ತದೆಯೇ?

ವಿಜಯಪುರದ ಓಣಿಗಳಲ್ಲಿ ಮಳೆಗಾಲಕ್ಕೆ ನೆಟ್ಟ ಬೇವು, ಹೊಂಗೆ ಹೆಚ್ಚಾಗಿ ಸಾಯುವುದು ಮರುವರ್ಷದ ಏಪ್ರಿಲ್, ಮೇ ತಿಂಗಳಲ್ಲಿ. ನೆಡಲು ಇಡೀ ಓಣಿ ಬರುತ್ತದೆ, ದಿನಾ ನೀರು ಹಾಕಲು ಯಾರೂ ಇರುವುದಿಲ್ಲ. ಕುಂಬಾರರು ಮಾಡುವ ಎಂಟು-ಹತ್ತು ಲೀಟರಿನ ಸಾದಾ ಗಡಿಗೆ ಈ ಕೆಲಸವನ್ನು ಮೂರರಿಂದ ಐದು ದಿನಕ್ಕೊಂದು ಕೊಡಕ್ಕೆ ಇಳಿಸುತ್ತದೆ. ಸಸಿಯ ಪಕ್ಕ ಹೂತು ತುಂಬಿಸಿಟ್ಟರೆ ಗೋಡೆಯ ಸಣ್ಣ ರಂಧ್ರಗಳಿಂದ ನೀರು ಜಿನುಗುತ್ತದೆ. ಮಣ್ಣು ಒಣಗಿದ್ದರೆ ಹೆಚ್ಚು ಎಳೆದುಕೊಳ್ಳುತ್ತದೆ, ಹಸಿಯಾಗಿದ್ದರೆ ಕಡಿಮೆ. 1651ರ ಬೇಗಂ ತಾಲಾಬ್ ಕೆರೆಯಿಂದ ಮಣ್ಣಿನ ಕೊಳವೆಗಳಲ್ಲಿ ನೀರು ತರಿಸಿಕೊಂಡ ಊರಿಗೆ ಇದು ಪರಕೀಯ ವಿದ್ಯೆಯೇನಲ್ಲ.

ಕೊಳ್ಳುವಾಗ ಒಂದೇ ಮಾತು ನೆನಪಿರಲಿ: ನೀರನ್ನು ಚೆನ್ನಾಗಿ ತಣ್ಣಗಿಡುವ ಗಡಿಗೆಯೇ ಗಿಡಕ್ಕೂ ಒಳ್ಳೆಯದು. ಎರಡಕ್ಕೂ ಬೇಕಾದದ್ದು ಜಿನುಗುವ ಗುಣ. ಹಾಗಾಗಿ ಬೇಸಿಗೆ ಮುಗಿದ ಮೇಲೆ “ಇದರಲ್ಲಿ ನೀರು ತಂಪಾಗೋದಿಲ್ಲ” ಎಂದು ಮೂಲೆಗಿಟ್ಟ ಹಳೆಯ ಗಡಿಗೆಯನ್ನು ಹಾಗೇ ಹೂಳಬೇಡಿ, ಅದರ ರಂಧ್ರ ಕಟ್ಟಿಕೊಂಡಿರುತ್ತದೆ. ಬಣ್ಣ ಬಳಿದದ್ದು, ಹೊಳಪು ಕೊಟ್ಟದ್ದು ಬೇಡ. ಬೆರಳಿನಿಂದ ಬಡಿದರೆ ಟಣ್ ಎನ್ನಬೇಕು. ಮಂದ ಸದ್ದು ಬಂದರೆ ಬಿರುಕಿದೆ, ಇಲ್ಲವೇ ಸುಟ್ಟದ್ದು ಸಾಲದು. ಸರಿಯಾಗಿ ಸುಡದ ಗಡಿಗೆ ನೆಲದೊಳಗೆ ಕರಗುತ್ತದೆ. ತುಂಬಿಸಿ ಕೆಲವು ತಾಸು ಬಿಟ್ಟು ಹೊರಮೈ ಮುಟ್ಟಿ: ಎಲ್ಲ ಕಡೆ ಒಂದೇ ಸಮ ತೇವವಿದ್ದರೆ ಸರಿ, ಒಂದೇ ಕಡೆ ಧಾರೆ ಇಳಿದರೆ ವಾಪಸು ಕೊಡಿ. ಬೆಳಗಾವಿ ಜಿಲ್ಲೆಯ ಖಾನಾಪುರ ಮಣ್ಣಿನ ಪಾತ್ರೆಗೆ ಹೆಸರಾದ ಊರು. ಆದರೆ ದೂರದಿಂದ ತರುವಾಗ ಒಡೆಯುವ ಲೆಕ್ಕ ಹಾಕಿದರೆ ಹತ್ತಿರದ ಸಂತೆಯ ಕುಂಬಾರರೇ ಲೇಸು. ಓಣಿಯವರೆಲ್ಲ ಸೇರಿ ಒಟ್ಟಿಗೆ ಹೇಳಿದರೆ ಬಾಯಿ ಚಿಕ್ಕದಾಗಿ, ಮುಚ್ಚಳ ಸರಿಯಾಗಿ ಕೂರುವಂತೆ ಮಾಡಿಕೊಡುತ್ತಾರೆ.

ನಮ್ಮ ಕಡೆ ಇದು ಸೋಲುವುದು ಬಹುಪಾಲು ಎರಿ ಮಣ್ಣಿನಿಂದ, ಅಂದರೆ ಕಪ್ಪು ಜೇಡಿ ಮಣ್ಣಿನಿಂದ. ಮಳೆಗೆ ಈ ಮಣ್ಣು ಉಬ್ಬಿ ಗಡಿಗೆಯನ್ನು ಒತ್ತಿ ಸೀಳುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಗಡಿಗೆಯಿಂದ ದೂರ ಸರಿಯುತ್ತದೆ, ಮಧ್ಯೆ ಗಾಳಿ ನಿಂತರೆ ಜಿನುಗಿದ ನೀರು ಬೇರಿಗೆ ಮುಟ್ಟುವುದಿಲ್ಲ. ಆದ್ದರಿಂದ ತಗ್ಗನ್ನು ಗಡಿಗೆಗಿಂತ ಸುತ್ತಲೂ ನಾಲ್ಕು ಬೆರಳು ಅಗಲ ತೋಡಿ, ಎರಡು ಪಾಲು ಮಣ್ಣು, ಒಂದು ಪಾಲು ಉಸುಕು, ಒಂದು ಪಾಲು ಕಳಿತ ಗೊಬ್ಬರ ಬೆರೆಸಿ ತುಂಬಿ ಕೈಯಿಂದ ಒತ್ತಿ. ಬರೀ ಉಸುಕು ತುಂಬಿದರೆ ಅದು ನೀರನ್ನು ಪಕ್ಕಕ್ಕೆ ಹರಡುವುದಿಲ್ಲ, ಕೆಳಗೆ ಇಳಿಸಿಬಿಡುತ್ತದೆ. ಬಾಯಿ ನೆಲದಿಂದ ಎರಡು ಇಂಚು ಮೇಲಿರಲಿ, ಇಲ್ಲವಾದರೆ ಮೊದಲ ಮಳೆಗೇ ಕೆಸರು ಒಳಗೆ. ಸಸಿಯಿಂದ ಒಂದು ಗೇಣು ದೂರ ಸಾಕು. ನೆಡುವಾಗಲೇ ಹೂಳಿ, ಆಮೇಲೆ ಅಗೆದರೆ ಬೇರು ಕಡಿಯುತ್ತದೆ. ಮೊದಲ ಮೂರು-ನಾಲ್ಕು ವಾರ ಬುಡಕ್ಕೆ ಮೇಲಿನಿಂದಲೂ ನೀರು ಬೇಕು, ಬೇರು ಗಡಿಗೆಯತ್ತ ಇನ್ನೂ ಬಂದಿರುವುದಿಲ್ಲ. ಮುಚ್ಚಳದ ಮೇಲೊಂದು ಕಲ್ಲು ಇರಲೇಬೇಕು. ತೆರೆದ ಗಡಿಗೆ ಸೊಳ್ಳೆಯ ತವರು.

ನೀರಿನ ವಿಷಯದಲ್ಲಿ ಜನ ಸಹಜವಾಗಿ ಎಡವುತ್ತಾರೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಡಿಗೆಗೆ ಸುರಿದರೆ ಉಳಿತಾಯ ಎನಿಸುತ್ತದೆ, ಆದರೆ ಅದರಲ್ಲಿ ಉಪ್ಪು ಹೆಚ್ಚು. ರಂಧ್ರ ಬೇಗ ಕಟ್ಟಿಕೊಂಡು ಕೊರಳ ಸುತ್ತ ಬಿಳಿ ಪಟ್ಟಿ ಮೂಡುತ್ತದೆ. ಗಡಸು ಬೋರ್‌ವೆಲ್ ನೀರೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಅಕ್ಕಿ ತೊಳೆದ ನೀರು ಒಳಗೆ ಹುಳಿತು ನಾರುತ್ತದೆ. ನಲ್ಲಿಯ ನೀರು, ಹಿಡಿದಿಟ್ಟ ಮಳೆನೀರು ಉತ್ತಮ. ಗಡಿಗೆ ಪೂರ್ತಿ ಖಾಲಿಯಾಗಲು ಬಿಡದೆ ಅರ್ಧಕ್ಕೆ ಇಳಿದಾಗಲೇ ತುಂಬಿಸಿ.

ತೆಂಗು, ಬಾಳೆಗೆ ಒಂದು ಗಡಿಗೆ ಯಾತಕ್ಕೂ ಸಾಲದು. ಬೇವು, ಹೊಂಗೆ, ಹುಣಸೆ, ನುಗ್ಗೆಗೆ, ಹಿತ್ತಲಿನ ಹೀರೆ, ಕುಂಬಳದ ಬಳ್ಳಿಗೆ ಕಣ್ಣು ಮುಚ್ಚಿ ಕೊಳ್ಳಬಹುದು. ಇದರ ದೊಡ್ಡ ಗುಣ ಓಣಿಯಲ್ಲಿ ಕಾಣುತ್ತದೆ: ಮನೆಗೊಂದು ಗಡಿಗೆ ಹಂಚಿಕೊಂಡರೆ ಶಾಲೆಗೆ ಹೋಗುವ ಹುಡುಗರೂ ಮುಚ್ಚಳ ತೆಗೆದು ನೋಡಿ ತುಂಬಿಸಬಲ್ಲರು, ಟ್ಯಾಂಕರಿಗೆ ಕಾಯಬೇಕಿಲ್ಲ. ಎರಡು-ಮೂರು ಬೇಸಿಗೆ ದಾಟಿದ ಬೇವಿಗೆ ಗಡಿಗೆಯ ಹಂಗಿಲ್ಲ. ಆಗ ಸುತ್ತಲಿನ ಮಣ್ಣು ನೆನೆಸಿ, ಬೇರು ತಬ್ಬಿರದಿದ್ದರೆ ಕೊರಳು ಹಿಡಿದೆಳೆಯದೆ ಅಡಿಯಿಂದ ಎತ್ತಿ, ತೆಂಗಿನ ನಾರಿನಿಂದ ತಿಕ್ಕಿ ಮುಂದಿನ ಸಸಿಗೆ ಕೊಡಿ. ಬೇರು ಬಿಗಿಯಾಗಿ ತಬ್ಬಿದ್ದರೆ ಮಣ್ಣು ತುಂಬಿ ಅಲ್ಲೇ ಬಿಡಿ.