ಅನುರಾಧಪುರವೋ, ಪೊಲೊನ್ನರುವವೋ?

ಶ್ರೀಲಂಕಾ ಪ್ರವಾಸದ ಪಟ್ಟಿ ಬರೆಯಲು ಕೂತರೆ ಕ್ಯಾಂಡಿಯ ದಂತ ಮಂದಿರ, ಸಿಗಿರಿಯ ಬಂಡೆ, ನುವರ ಎಲಿಯದ ಚಹಾ ತೋಟ, ಒಂದೆರಡು ಕಡಲತೀರ ಮೊದಲೇ ಸೇರಿಬಿಟ್ಟಿರುತ್ತವೆ. ಹಳೆಯ ರಾಜಧಾನಿಗಳಿಗೆ ಉಳಿಯುವುದು ಒಂದೇ ದಿನ. ಅನುರಾಧಪುರಕ್ಕೆ ಹೋಗುವುದೋ, ಪೊಲೊನ್ನರುವಕ್ಕೋ? ಗಾಡಿ ಮಾಡಿಕೊಡುವವರನ್ನು ಕೇಳಿದರೆ ಪೊಲೊನ್ನರುವ ಎನ್ನುತ್ತಾರೆ. ಸಿಗಿರಿಯದಿಂದ ಅದು ಗಂಟೆ, ಒಂದೂಕಾಲು ಗಂಟೆಯ ದಾರಿ; ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್. ಎರಡೂ ಊರುಗಳನ್ನು ನಾನು ಗೆಳತಿಯ ಜೊತೆ ಸೈಕಲ್ ತುಳಿದೂ ನೋಡಿದ್ದೇನೆ, ಮಂಡಿನೋವಿರುವ ಅಮ್ಮನ ಕೈಹಿಡಿದೂ ನೋಡಿದ್ದೇನೆ. ಬೌದ್ಧ ಧರ್ಮ ಈ ದೇಶದಲ್ಲಿ ಹೇಗೆ ಬದುಕಿದೆ ಎಂದು ತಿಳಿಯುವ ಆಸೆಯಿದ್ದವರು ಅನುರಾಧಪುರವನ್ನೇ ಆರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಪೊಲೊನ್ನರುವವೇ ಸರಿಹೊಂದುವ ಜನರೂ ಇದ್ದಾರೆ. ಅವರ ಪರವಾಗಿ ಮೊದಲು ಹೇಳುತ್ತೇನೆ.

ಪೊಲೊನ್ನರುವದಲ್ಲಿ ನೋಡುವುದೆಲ್ಲ ಹತ್ತಿರ ಹತ್ತಿರ ಇದೆ. ಕೆರೆ ದಂಡೆಯ ವಸ್ತುಸಂಗ್ರಹಾಲಯದಲ್ಲಿ ಟಿಕೆಟ್ ಕೊಂಡು, ಅಲ್ಲಿರುವ ಮಾದರಿಗಳನ್ನು ಅರ್ಧ ಗಂಟೆ ನೋಡಿ ಹೊರಟರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಈಗ ಬಯಲಿಗೆ ತೆರೆದು ನಿಂತಿರುವ ವಟದಾಗೆಯ (ಸ್ತೂಪದ ಸುತ್ತ ಕಟ್ಟಿದ ದುಂಡು ಗುಡಿಯ) ಮೇಲೆ ಒಮ್ಮೆ ಚಾವಣಿ ಹೇಗಿದ್ದಿರಬಹುದು ಎಂಬುದನ್ನು ಅಲ್ಲಿ ಕಂಡುಕೊಂಡೇ ಹೋಗಬೇಕು. ಬಾಡಿಗೆ ಸೈಕಲ್ ಸುಲಭವಾಗಿ ಸಿಗುತ್ತದೆ. ದಾರಿ ಬಹುಪಾಲು ಸಮತಟ್ಟು, ಮರಗಳ ನೆರಳೂ ಉಂಟು. ಅರಮನೆಯ ದಪ್ಪ ಇಟ್ಟಿಗೆ ಗೋಡೆ, ವಟದಾಗೆ, ಲಂಕಾತಿಲಕ ಎಂಬ ಬುದ್ಧ ಮಂದಿರ, ಗಲ್ ವಿಹಾರ, ಇವೆಲ್ಲ ಒಂದೇ ಸಾಲಿನಲ್ಲಿ ಬರುತ್ತವೆ.

ಗಲ್ ವಿಹಾರದ ಮುಂದೆ ಮಾತ್ರ ಗಡಿಯಾರ ನೋಡಬೇಡಿ. 12ನೇ ಶತಮಾನದಲ್ಲಿ ದೊರೆ ಒಂದನೇ ಪರಾಕ್ರಮಬಾಹುವಿನ ಕಾಲದವರು ಒಂದೇ ಬಂಡೆಯಲ್ಲಿ ನಾಲ್ಕು ಮೂರ್ತಿಗಳನ್ನು ಬಿಡಿಸಿದ್ದಾರೆ. ನಿಂತದ್ದು ಸುಮಾರು 7 ಮೀಟರ್ ಎತ್ತರ, ಮಲಗಿದ ಬುದ್ಧ 14 ಮೀಟರ್ ಉದ್ದ. ಅಳತೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ತಲೆದಿಂಬು. ತಲೆಯ ಭಾರಕ್ಕೆ ಅದು ಒಂದಿಷ್ಟೇ ಕುಗ್ಗಿದೆ, ಕಲ್ಲಿನಲ್ಲಿ! ಪಾದಗಳನ್ನು ಗಮನಿಸಿ: ಮೇಲಿನ ಕಾಲು ತುಸು ಹಿಂದೆ ಸರಿದಿದೆ. ಇದು ನಿದ್ದೆಯಲ್ಲ, ಪರಿನಿರ್ವಾಣ, ಅಂದರೆ ಬುದ್ಧನ ಕೊನೆಯ ಗಳಿಗೆ ಎಂಬುದರ ಗುರುತು ಅದು. ಎದೆಯ ಮೇಲೆ ಕೈಕಟ್ಟಿ ನಿಂತ ಮೂರ್ತಿ ಬುದ್ಧನದೋ, ಶೋಕದಲ್ಲಿರುವ ಶಿಷ್ಯ ಆನಂದನದೋ ಎಂಬ ವಾದ ಇನ್ನೂ ಮುಗಿದಿಲ್ಲ; ನನಗೆ ಆ ಮುಖದಲ್ಲಿ ಕಂಡದ್ದು ದುಃಖವಲ್ಲ, ಕರುಣೆ. ಶಿಲ್ಪದ ಆಸಕ್ತಿ ಇರುವವರಿಗೆ ಇದೊಂದೇ ಸಾಕು ಪೊಲೊನ್ನರುವಕ್ಕೆ ಹೋಗಲು. ಅನುರಾಧಪುರದಲ್ಲಿ ಧ್ಯಾನಕ್ಕೆ ಕೂತ ‘ಸಮಾಧಿ ಬುದ್ಧ’ನೂ ಅಪೂರ್ವ ಮೂರ್ತಿಯೇ. ಆದರೂ ಕೆತ್ತನೆಯ ಮಾತು ಬಂದರೆ ಪೊಲೊನ್ನರುವದ ಕೈಯೇ ಮೇಲು.

ನಮ್ಮ ಕಡೆಯವರು ಅಲ್ಲಿ ಶಿವ ದೇವಾಲೆಗಳನ್ನೂ ತಪ್ಪದೆ ನೋಡಬೇಕು. ಚೋಳ ದೊರೆ ರಾಜರಾಜನ ಸೈನ್ಯ 993ರ ಹೊತ್ತಿಗೆ ಅನುರಾಧಪುರವನ್ನು ಹಾಳುಗೆಡವಿದ ಮೇಲೆ ಚೋಳರು ಪೊಲೊನ್ನರುವವನ್ನು ತಮ್ಮ ನೆಲೆ ಮಾಡಿಕೊಂಡರು. 1070ರಲ್ಲಿ ಸಿಂಹಳ ದೊರೆ ಒಂದನೇ ವಿಜಯಬಾಹು ಅವರನ್ನು ಓಡಿಸಿದ. ಅನುರಾಧಪುರ ಹಾಳಾದ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಗಂಗರಿಂದ ತಲಕಾಡನ್ನು ಕಿತ್ತುಕೊಂಡವರೂ ಇದೇ ಚೋಳರು. ಎರಡನೇ ಶಿವ ದೇವಾಲೆಯ ಚಿಕ್ಕ ಕಲ್ಲಿನ ವಿಮಾನ ನೋಡಿದರೆ ಕೋಲಾರದ ಕಡೆಯ ಗುಡಿಗಳನ್ನು ಬಲ್ಲವರಿಗೆ ತಕ್ಷಣ ಗುರುತು ಹತ್ತುತ್ತದೆ. ಆ ಸಹವಾಸದ ಇನ್ನೊಂದು ಸಣ್ಣ ಕುರುಹು ಮೆಟ್ಟಿಲ ಬುಡದಲ್ಲಿ ಹಾಸಿದ ಅರ್ಧಚಂದ್ರದಾಕಾರದ ಚಂದ್ರಶಿಲೆಗಳಲ್ಲಿದೆ. ಅನುರಾಧಪುರದವುಗಳಲ್ಲಿ ಆನೆ, ಕುದುರೆ, ಸಿಂಹ, ಎತ್ತು ಸಾಲಾಗಿ ನಡೆಯುತ್ತವೆ. ಪೊಲೊನ್ನರುವದಲ್ಲಿ ಎತ್ತು ಇಲ್ಲ. ಶಿವನ ವಾಹನವನ್ನು ಕಾಲಡಿಗೆ ಹಾಕಲು ಮನಸ್ಸು ಬರಲಿಲ್ಲವೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಈಗ ಅನುರಾಧಪುರ. ಇದು ಸುಲಭವಾಗಿ ಕೈಗೆ ಸಿಗುವ ಊರಲ್ಲ. ವಿಹಾರಗಳು ಒಂದಕ್ಕೊಂದು ಕಿಲೋಮೀಟರುಗಟ್ಟಲೆ ದೂರ, ನಡುವೆ ಬಯಲು, ಕೆರೆ, ಕಾಡು. ಸೈಕಲ್ಲಿನಲ್ಲಿ ನಾವಿಬ್ಬರೂ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿದ್ದೆವು. ಅಮ್ಮನ ಜೊತೆ ಹೋದಾಗ ದಿನಪೂರ್ತಿ ತ್ರೀವೀಲರ್ (ಆಟೊ) ಮಾಡಿಕೊಂಡದ್ದೇ ಚೆನ್ನಾಯಿತು. ಟಿಕೆಟ್ ವ್ಯವಸ್ಥೆಯೂ ಸ್ವಲ್ಪ ಗೋಜಲು. ದೊಡ್ಡ ಟಿಕೆಟ್ ಇದ್ದರೂ ಕೆಲವು ಕಡೆ ಬೇರೆ ಚೀಟಿ ಕೊಳ್ಳಬೇಕು. ಎರಡೂ ಊರುಗಳಲ್ಲಿ ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ದರ ಕಡಿಮೆ, ಹಾಗಾಗಿ ಪಾಸ್‌ಪೋರ್ಟ್ ಕೈಯಲ್ಲೇ ಇರಲಿ.

ಇಷ್ಟೆಲ್ಲ ತೊಂದರೆಯಿದ್ದೂ ನನ್ನ ಮತ ಅನುರಾಧಪುರಕ್ಕೇ. ಪೊಲೊನ್ನರುವದಲ್ಲಿ ನಾವು ನೋಡುಗರು. ಅನುರಾಧಪುರದಲ್ಲಿ ನಮ್ಮ ಸುತ್ತ ಇರುವವರಲ್ಲಿ ಹೆಚ್ಚಿನವರು ಪೂಜೆಗೆ ಬಂದವರು. ಅಶೋಕನ ಮಗಳು ಸಂಘಮಿತ್ತೆ ಬೋಧಗಯೆಯಿಂದ ತಂದ ಬೋಧಿಯ ಕೊಂಬೆ ಕ್ರಿ.ಪೂ. 3ನೇ ಶತಮಾನದಲ್ಲಿ ಇಲ್ಲಿ ಬೇರೂರಿತು. ಅಂದಿನಿಂದ ಅದನ್ನು ಕಾಯುತ್ತ ಬಂದಿದ್ದಾರೆ. ಮನುಷ್ಯರು ನೆಟ್ಟು, ನೆಟ್ಟ ಕಾಲ ದಾಖಲಾಗಿರುವ ಮರಗಳಲ್ಲಿ ಇದೇ ಅತ್ಯಂತ ಹಳೆಯದು. ಮರವನ್ನು ಮುಟ್ಟಲಾಗದು. ಚಿನ್ನದ ಬಣ್ಣದ ಬೇಲಿಯಾಚೆ, ಊರುಗೋಲುಗಳ ಆಸರೆಯಲ್ಲಿ ಚಾಚಿದ ಕೊಂಬೆಗಳನ್ನು ಕೆಳಗಿನಿಂದ ನೋಡಬೇಕು. ಬಿಳಿ ಬಟ್ಟೆ ತೊಟ್ಟ ಕುಟುಂಬಗಳು ಮರಳಿನ ಮೇಲೆ ಕೂತು ಗಂಟೆಗಟ್ಟಲೆ ಪಠಿಸುತ್ತವೆ. ಅಮ್ಮ ಅವರ ಪಕ್ಕದಲ್ಲೇ ಕೂತರು. ಒಬ್ಬ ಹೆಂಗಸು ತಾವರೆಯ ಮೊಗ್ಗು ಕೊಟ್ಟು, ಎಸಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಚಿ ಅರ್ಪಿಸುವುದು ಹೇಗೆಂದು ಕೈಸನ್ನೆಯಲ್ಲೇ ತೋರಿಸಿಕೊಟ್ಟರು. ಇಬ್ಬರಿಗೂ ಮತ್ತೊಬ್ಬರ ಭಾಷೆ ಬರುತ್ತಿರಲಿಲ್ಲ.

ಅಲ್ಲಿಂದ ರುವನ್‌ವೆಲಿಸಾಯಕ್ಕೆ ನಡೆದೇ ಹೋಗಬಹುದು. ದೊರೆ ದುಟ್ಟಗಾಮಿಣಿ ಕ್ರಿ.ಪೂ. 2ನೇ ಶತಮಾನದಲ್ಲಿ ಕಟ್ಟಿಸಲು ಶುರುಮಾಡಿದ ಈ ಬೆಳ್ಳನೆಯ ಸ್ತೂಪ ಇಂದು ಸುಮಾರು 103 ಮೀಟರ್ ಎತ್ತರವಿದೆ. ಅದರ ಅಡಿಪಾಯದ ದಿನ ಎಲ್ಲೆಲ್ಲಿಂದ ಭಿಕ್ಖುಗಳು ಬಂದರೆಂದು ಹೇಳುವಾಗ ಲಂಕೆಯ ಹಳೆಯ ಪಾಳಿ ಇತಿಹಾಸಗ್ರಂಥ ಮಹಾವಂಸ ವನವಾಸ ದೇಶದ ಚಂದಗುತ್ತ ಥೇರನನ್ನೂ (ಹಿರಿಯ ಭಿಕ್ಖು) ಹೆಸರಿಸುತ್ತದೆ. ಆ ವನವಾಸವೇ ನಮ್ಮ ಬನವಾಸಿ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಶೋಕನ ಕಾಲದಲ್ಲಿ ಅವನ ಮಗ ಮಹಿಂದ ಧರ್ಮ ಸಾರಲು ಲಂಕೆಗೆ ಬಂದಾಗ ರಕ್ಖಿತನೆಂಬ ಭಿಕ್ಖು ವನವಾಸಕ್ಕೆ ಹೋದ ಎಂಬ ಮಾತೂ ಅದೇ ಗ್ರಂಥದಲ್ಲಿದೆ. ಇದನ್ನು ತಿಳಿದುಕೊಂಡು ಆ ಸ್ತೂಪಕ್ಕೆ ಪ್ರದಕ್ಷಿಣೆ ಹಾಕಿದ ಕನ್ನಡದವರಿಗೆ ಅದು ಪರದೇಶದ ಕಟ್ಟಡ ಅನ್ನಿಸಲಿಕ್ಕಿಲ್ಲ. ನನಗಂತೂ ಅನ್ನಿಸಲಿಲ್ಲ.

ಜೇತವನ ಸ್ತೂಪವನ್ನು ಸಂಜೆಗೆ ಇಟ್ಟುಕೊಳ್ಳಿ. ದೊರೆ ಮಹಾಸೇನ ಶುರುಮಾಡಿದ ಇದು ಮುಗಿದಾಗ ಎತ್ತರ 122 ಮೀಟರ್ ಇತ್ತೆಂದು ಲೆಕ್ಕ. ಗೀಜಾದ ಎರಡು ಪಿರಮಿಡ್ಡುಗಳನ್ನು ಬಿಟ್ಟರೆ ಆ ಕಾಲದಲ್ಲಿ ಇಷ್ಟು ಎತ್ತರದ್ದು ಬೇರೆ ಇರಲಿಲ್ಲ. ಈಗ 71 ಮೀಟರ್ ಉಳಿದಿದೆ. ಸುಣ್ಣ ಬಳಿಯದ ಆ ಇಟ್ಟಿಗೆಗುಡ್ಡ ಇಳಿಬಿಸಿಲಿನಲ್ಲಿ ಕೆಂಪಗೆ ಕಾಣುತ್ತದೆ.

ಕೆರೆಗಳ ವಿಷಯದಲ್ಲಿ ಮಾತ್ರ ನನಗೆ ತೀರ್ಪು ಕೊಡಲಾಗದು. ಪೊಲೊನ್ನರುವದ ಕೆರೆ ಪರಾಕ್ರಮ ಸಮುದ್ರದ ಏರಿಯ ಮೇಲೆ ಸಂಜೆ ನಡೆಯುವ ಸುಖ ದೊಡ್ಡದು. ಆದರೆ ಅನುರಾಧಪುರದ ತಿಸ್ಸ ವೆವಕ್ಕೆ (ವೆವ ಎಂದರೆ ಕೆರೆ) ಕಲಾ ವೆವದಿಂದ ನೀರು ತರುವ 87 ಕಿ.ಮೀ. ಉದ್ದದ ಕಾಲುವೆ 5ನೇ ಶತಮಾನದ್ದು. ಅದರ ಮೊದಲ ಭಾಗದಲ್ಲಿ ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ ಇಳಿಜಾರು. ತೂಬು, ಕೋಡಿ ಎಂದರೇನೆಂದು ಬಲ್ಲ ಊರಿನವರು ಇದರ ಮುಂದೆ ಕೈಮುಗಿಯದೆ ಇರಲಾರರು.

ಊಟ ಎರಡೂ ಕಡೆ ಒಂದೇ: ಅನ್ನ, ಪರಿಪ್ಪು ಎಂಬ ಬೇಳೆಸಾರು, ತರಕಾರಿ ಪಲ್ಯಗಳು. ಸಸ್ಯಾಹಾರಿಗಳು ಪೊಲ್ ಸಂಬೋಲದ ಬಗ್ಗೆ ಕೇಳಿಯೇ ಬಡಿಸಿಕೊಳ್ಳಬೇಕು. ಆ ತೆಂಗಿನಕಾಯಿ ಚಟ್ನಿಗೆ ಉಂಬಲಕಡ, ಅಂದರೆ ಒಣಮೀನಿನ ಚೂರು, ಹಾಕುವುದುಂಟು. ಕುಡಿಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಹಾಕಿ ಕೊಟ್ಟರೆ ಬೇಡವೆನ್ನಬೇಡಿ.

ಬಿಸಿಲಿಗೂ ಅಂಗಳಕ್ಕೂ ತಯಾರಿ ಬೇಕು. ಪವಿತ್ರ ಜಾಗಗಳಲ್ಲಿ ಚಪ್ಪಲಿ, ಟೋಪಿ ಎರಡನ್ನೂ ತೆಗೆಯಬೇಕು. ಹನ್ನೊಂದರ ಮೇಲೆ ಕಲ್ಲು ಕಾದು ಕಾಲಿಡಲಾಗದು, ಆದ್ದರಿಂದ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಮಂಡಿ, ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಬಿಳಿಯಾದರೆ ಇನ್ನೂ ಒಳ್ಳೆಯದು. ಬುದ್ಧನಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಅವರು ಅವಮಾನವೆಂದೇ ತಿಳಿಯುತ್ತಾರೆ. ಎರಡೂ ಊರು ಒಣ ವಲಯದಲ್ಲಿವೆ. ಇಲ್ಲಿ ಜೋರು ಮಳೆ ಅಕ್ಟೋಬರಿನಿಂದ ಜನವರಿವರೆಗೆ. ನಮ್ಮಲ್ಲಿ ಮುಂಗಾರು ಹೊಯ್ಯುವ ತಿಂಗಳುಗಳಲ್ಲಿ ಇಲ್ಲಿ ಒಣ ಬಿಸಿಲು.

ಹುಣ್ಣಿಮೆಯ ಪೋಯ ದಿನ ದೇಶಕ್ಕೆಲ್ಲ ರಜೆ, ಮದ್ಯ ಮಾರುವುದಿಲ್ಲ. ಆ ದಿನ ಅನುರಾಧಪುರದಲ್ಲಿ ಇರಲು ಸಾಧ್ಯವಾದರೆ ಖಂಡಿತ ಇರಿ. ಜೂನ್‌ನ ಪೊಸೊನ್ ಹುಣ್ಣಿಮೆಯ ಮಾತು ಬೇರೆ. ಮಹಿಂದ ಬಂದ ನೆನಪಿಗೆ ಲಕ್ಷಾಂತರ ಜನ ಇಲ್ಲಿಗೂ ಹತ್ತಿರದ ಮಿಹಿಂತಲೆ ಬೆಟ್ಟಕ್ಕೂ ಬರುತ್ತಾರೆ. ಬೀದಿಬೀದಿಯಲ್ಲಿ ದನ್ಸಲ್‌ಗಳು ಬಂದವರಿಗೆಲ್ಲ ಉಚಿತವಾಗಿ ಊಟ ಹಾಕುತ್ತವೆ, ಆದರೆ ಉಳಿಯಲು ಕೋಣೆ ಸಿಗುವುದು ಕಷ್ಟ. ವಯಸ್ಸಾದವರನ್ನು ಕರೆದುಕೊಂಡು ಆ ವಾರ ಹೋಗಬೇಡಿ.

ಕೊನೆಗೆ, ಯಾರು ಎಲ್ಲಿಗೆ? ಚಿಕ್ಕ ಮಕ್ಕಳಿದ್ದರೆ, ಅರ್ಧ ದಿನವೇ ಇದ್ದರೆ, ಶಿಲ್ಪಕ್ಕಾಗಿಯೇ ಹೋಗುವುದಾದರೆ ಪೊಲೊನ್ನರುವ. ಹಿರಿಯರಿದ್ದರೆ, ಪೂಜೆಯಲ್ಲಿ ಕೂರುವ ಮನಸ್ಸಿದ್ದರೆ, ಒಂದು ರಾತ್ರಿ ಉಳಿಯಲು ಆಗುವುದಾದರೆ ಅನುರಾಧಪುರ. ವಿಮಾನ ಇಳಿಯುವ ಕಟುನಾಯಕ ಕೊಲಂಬೊದ ಉತ್ತರಕ್ಕಿದೆ, ಆದ್ದರಿಂದ ನಗರದೊಳಗೆ ಹೋಗದೆ ನೇರ ಅನುರಾಧಪುರದ ದಾರಿ ಹಿಡಿಯಬಹುದು. ಸಂಜೆ ಬೋಧಿಯ ಬಳಿ ಕೂತು, ಮರುದಿನ ಬಿಸಿಲೇರುವ ಮೊದಲು ಸ್ತೂಪಗಳನ್ನು ಮುಗಿಸಿ, ದಂಬುಲ್ಲದ ಮೇಲೆ ಸಿಗಿರಿಯಕ್ಕೆ ಇಳಿದರೆ ಪೊಲೊನ್ನರುವಕ್ಕೂ ಒಂದು ಬೆಳಗು ಉಳಿಯುತ್ತದೆ. ಅದಕ್ಕಾಗಿ ಕಡಲತೀರದ ಒಂದು ದಿನ ಬಿಡಬೇಕಾದೀತು, ಬಿಡಿ.